ದೂರು ಹೋಗೋದು ಯಾರ ಟೇಬಲ್‌ಗೆ?

ಮೊದಲೇ ಹೇಳಿಬಿಡ್ತೀನಿ: ಇವತ್ತಿನ ಬರಹದಲ್ಲಿ ಲೈಂಗಿಕ ದೌರ್ಜನ್ಯದ ವಿಷಯ ಇದೆ. ಓದೋಕೆ ಕಷ್ಟ ಆಗುತ್ತೆ ಅನ್ನಿಸಿದ್ರೆ ಇಲ್ಲಿಗೇ ಬಿಟ್ಟುಬಿಡಿ, ಬೇಜಾರಿಲ್ಲ.

(1)
ಯುದ್ಧನೌಕೆ ಮೇಲೆ ವಿಮಾನ ಇಳಿಯೋದನ್ನ ರೀಲ್ಸಲ್ಲಿ ನೋಡಿರ್ತೀರಿ. ಬಾಲದಲ್ಲಿ ಒಂದು ಕೊಕ್ಕೆ ಇರುತ್ತೆ, ಡೆಕ್‌ಗೆ ಅಡ್ಡ ಎಳೆದಿರೋ ಉಕ್ಕಿನ ಹಗ್ಗಕ್ಕೆ ಸಿಕ್ಕಿಕೊಂಡು ವಿಮಾನ ಗಕ್ಕನೆ ನಿಲ್ಲುತ್ತೆ. ಆ ಕೊಕ್ಕೆಯ ಹೆಸರು ಟೇಲ್‌ಹುಕ್. ಅಮೆರಿಕದ ನೌಕಾಪಡೆ ಪೈಲಟ್‌ಗಳ ಒಂದು ಸಂಘಕ್ಕೂ ಅದೇ ಹೆಸರು.

1991ರ ಸೆಪ್ಟೆಂಬರ್. ಲಾಸ್ ವೇಗಸ್‌ನ ಹಿಲ್ಟನ್ ಹೋಟೆಲಲ್ಲಿ ಈ ಸಂಘದ ಸಮ್ಮೇಳನ. ಗಲ್ಫ್ ಯುದ್ಧ ಮುಗಿದು ಕೆಲವೇ ತಿಂಗಳಾಗಿತ್ತು, ಎಲ್ಲರೂ ಗೆದ್ದ ಗುಂಗಲ್ಲಿದ್ರು. ರಾತ್ರಿ ಮೂರನೇ ಮಹಡಿಯ ಕಾರಿಡಾರ್‌ನ ಎರಡೂ ಕಡೆ ಕುಡಿದ ಅಧಿಕಾರಿಗಳು ಸಾಲಾಗಿ ನಿಂತು, ಮಧ್ಯೆ ನಡೆದು ಬಂದ ಹೆಂಗಸರ ಮೈಮೇಲೆ ಕೈ ಹಾಕಿದ್ರು. ಹಾಗೆ ಸಿಕ್ಕಿಬಿದ್ದವರಲ್ಲಿ ಲೆಫ್ಟಿನೆಂಟ್ ಪೌಲಾ ಕಾಫ್ಲಿನ್ ಒಬ್ಬರು. ಹೊರಗಿನವರಲ್ಲ, ಅದೇ ನೌಕಾಪಡೆಯ ಹೆಲಿಕಾಪ್ಟರ್ ಪೈಲಟ್, ಒಬ್ಬ ಅಡ್ಮಿರಲ್‌ನ ಸಹಾಯಕಿ.

ಮಾರನೇ ದಿನ ಪೌಲಾ ತನ್ನ ಬಾಸ್ ಆಗಿದ್ದ ಆ ಅಡ್ಮಿರಲ್‌ಗೆ ವಿಷಯ ಹೇಳಿದ್ರು. ಆತ ಅದನ್ನ ಗಂಭೀರವಾಗಿ ತಗೊಳ್ಳಲಿಲ್ಲ. (ಆಮೇಲೆ ಇದೇ ಕಾರಣಕ್ಕೆ ಆತನ ಹುದ್ದೆ ಹೋಯ್ತು.) ನೌಕಾಪಡೆ ತಾನೇ ತನಿಖೆ ಮಾಡಿಕೊಳ್ತು. ನೂರಾರು ಜನರನ್ನ ಕೇಳಿ, ಕೊನೆಗೆ ಸಿಕ್ಕ ಶಂಕಿತರು ಇಬ್ಬರು! 1992ರ ಜೂನಲ್ಲಿ ಪೌಲಾ ತನ್ನ ಹೆಸರು, ಮುಖ ಎರಡನ್ನೂ ಮುಚ್ಚಿಡದೆ ಪತ್ರಿಕೆ, ಟೀವಿ ಮುಂದೆ ಬಂದ್ರು. ಅದೇ ತಿಂಗಳು ನೌಕಾಪಡೆಯ ಕಾರ್ಯದರ್ಶಿ ರಾಜೀನಾಮೆ ಕೊಟ್ಟರು. ರಕ್ಷಣಾ ಇಲಾಖೆ ಬೇರೆ ತನಿಖೆ ಮಾಡಿದಾಗ ಲೆಕ್ಕ ಹೊರಬಂತು: ದೌರ್ಜನ್ಯಕ್ಕೆ ಒಳಗಾದವರು 83 ಹೆಂಗಸರು, 7 ಗಂಡಸರು.

ಕೋರ್ಟ್ ಮಾರ್ಷಲ್‌ನಲ್ಲಿ ಶಿಕ್ಷೆ ಆಗಿದ್ದು ಎಷ್ಟು ಜನಕ್ಕೆ? ಒಬ್ಬರಿಗೂ ಇಲ್ಲ. ಪೌಲಾ 1994ರಲ್ಲಿ ಕೆಲಸ ಬಿಟ್ಟರು.

(2)
ಯಾಕೆ ಹೀಗಾಯ್ತು? ಕುಡಿತ, ಗಂಡಸರ ಗುಂಪು ಅಂತೆಲ್ಲ ಹೇಳಬಹುದು. ನನ್ನ ಪ್ರಕಾರ ಅಸಲಿ ವಿಷಯ ಬೇರೆ ಇದೆ. ನಿಮ್ಮ ಹಾಸ್ಟೆಲಿನ ಸೀನಿಯರ್ ಒಬ್ಬನ ಮೇಲೆ ದೂರು ಕೊಡಬೇಕು ಅಂದ್ಕೊಳ್ಳಿ. ಆತ ಕ್ರಿಕೆಟ್ ಟೀಮಿನ ಸ್ಟಾರ್. ಪೊಲೀಸ್ ಇಲ್ಲ, ಸರ್ಕಾರಿ ವಕೀಲ ಇಲ್ಲ. ಕೇಸ್ ನಡೀಬೇಕೋ ಬೇಡ್ವೋ ಅಂತ ತೀರ್ಮಾನಿಸೋದು ವಾರ್ಡನ್. ನಿಮ್ಮ ರಜೆ, ನಿಮ್ಮ ರೂಮು, ನಿಮ್ಮ ಸರ್ಟಿಫಿಕೇಟು ಎಲ್ಲಾ ಅವರ ಕೈಯಲ್ಲೇ. ದೂರು ಕೊಡ್ತೀರಾ?

ಅಮೆರಿಕದ ಸೇನೆಯಲ್ಲಿ ಆ ವಾರ್ಡನ್ ಅಂದ್ರೆ ಕಮಾಂಡರ್. ವಕೀಲರು ಸಲಹೆ ಕೊಡಬಹುದಿತ್ತು ಅಷ್ಟೇ. ವಿಚಾರಣೆಗೆ ಕಳಿಸೋದು, ಬಿಡೋದು ಕಮಾಂಡರ್ ಇಷ್ಟ.

ತೀರ್ಪು ಬಂದ ಮೇಲೂ ಅಷ್ಟೇ. ಇಟಲಿಯ ಅವಿಯಾನೋ ವಾಯುನೆಲೆಯಲ್ಲಿ 2012ರ ನವೆಂಬರಲ್ಲಿ ಒಬ್ಬ ಲೆಫ್ಟಿನೆಂಟ್ ಕರ್ನಲ್ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪ ಸಾಬೀತಾಗಿ, ಒಂದು ವರ್ಷ ಜೈಲು, ಕೆಲಸದಿಂದ ವಜಾ ಅಂತ ಶಿಕ್ಷೆ ಆಯ್ತು. ನಾಲ್ಕು ತಿಂಗಳೊಳಗೇ ಲೆಫ್ಟಿನೆಂಟ್ ಜನರಲ್ ಕ್ರೇಗ್ ಫ್ರಾಂಕ್ಲಿನ್ ಆ ತೀರ್ಪನ್ನೇ ರದ್ದು ಮಾಡಿದ್ರು. ಅವರು ನ್ಯಾಯಾಧೀಶರಲ್ಲ. ಕಾನೂನು ಅವರಿಗೆ ಆ ಅಧಿಕಾರ ಕೊಟ್ಟಿತ್ತು! ಈ ಗಲಾಟೆ ಆದ ಮೇಲೆ ಸಂಸತ್ತು ಅದನ್ನ ಮೊಟಕು ಮಾಡ್ತು.

(3)
ಕೇಸ್ ನಡೆಸೋ ನಿರ್ಧಾರವನ್ನೇ ಕಮಾಂಡರ್ ಕೈಯಿಂದ ತೆಗೀಬೇಕು ಅಂತ ಸೆನೆಟರ್ ಕರ್ಸ್ಟನ್ ಗಿಲಿಬ್ರಾಂಡ್ ಮಸೂದೆ ತಂದ್ರು. 2014ರ ಮಾರ್ಚಲ್ಲಿ 55 ಮತ ಬಿತ್ತು. ಅರ್ಧಕ್ಕಿಂತ ಜಾಸ್ತಿ ಅಲ್ವಾ? ಆದ್ರೆ ಮುಂದೆ ಹೋಗೋಕೆ ಬೇಕಿದ್ದದ್ದು 60.

ಎದುರು ವಾದ ಮಾಡಿದವರೆಲ್ಲ ಕಲ್ಲು ಮನಸ್ಸಿನವರು ಅಂದ್ಕೋಬೇಡಿ. ಯುದ್ಧದಲ್ಲಿ ಫೈಟರ್ ವಿಮಾನ ಹಾರಿಸಿದ ಮೊದಲ ಅಮೆರಿಕನ್ ಮಹಿಳೆ ಮಾರ್ಥಾ ಮೆಕ್‌ಸಾಲಿ, ಸೆನೆಟರ್ ಆದ ಮೇಲೆ 2019ರಲ್ಲಿ, ವಾಯುಪಡೆಯ ಮೇಲಧಿಕಾರಿಯೊಬ್ಬ ತನ್ನ ಮೇಲೆ ಅತ್ಯಾಚಾರ ಮಾಡಿದ್ದ ಅಂತ ಸಭೆಯಲ್ಲೇ ಹೇಳಿದ್ರು. ಅವರೇ, ಅದೇ ದಿನ, ಕಮಾಂಡರ್‌ಗಳ ಅಧಿಕಾರ ಕಿತ್ಕೋಬೇಡಿ, ಹೊಣೆ ಅವರ ಮೇಲೇ ಇರಲಿ ಅಂತಾನೂ ವಾದಿಸಿದ್ರು. ನಾನು ಅದನ್ನ ಒಪ್ಪಲ್ಲ. ಆದ್ರೆ ಅವರ ಮಾತನ್ನ ತಳ್ಳಿಹಾಕೋದೂ ಸುಲಭ ಅಲ್ಲ.

ಆಮೇಲೆ ವನೆಸ್ಸಾ ಗಿಯೆನ್. 20 ವರ್ಷ. ನಿಮ್ಮಲ್ಲಿ ಎಷ್ಟೋ ಜನರ ವಯಸ್ಸೇ. 2020ರ ಏಪ್ರಿಲ್ 22ರಂದು ಟೆಕ್ಸಸ್‌ನ ಫೋರ್ಟ್ ಹುಡ್ ಸೇನಾನೆಲೆಯಲ್ಲಿ ಕಾಣೆಯಾದಳು, ಜೂನ್ ಕೊನೆಗೆ ಅವಳ ಅವಶೇಷಗಳು ನದಿ ಹತ್ತಿರ ಸಿಕ್ಕವು. ಕೊಂದವನು ಜೊತೆ ಸೈನಿಕ. ಸೇನೆಯಲ್ಲಿ ಕಿರುಕುಳ ಆಗ್ತಿದೆ ಅಂತ ಅವಳು ಮನೆಯವರಿಗೆ ಹೇಳಿದ್ಲು. ಅಂಥ ದೂರೇ ಇಲ್ಲ ಅನ್ನೋ ಹಾಗೆ ಸೇನೆ ಮೊದಮೊದಲು ಮಾತಾಡಿತು. ಮುಂದಿನ ವರ್ಷ ಸೇನೆಯದೇ ವರದಿ ಬಂತು: ಮೇಲಧಿಕಾರಿಯೊಬ್ಬ (ಕೊಲೆಗಾರ ಅಲ್ಲ, ಬೇರೆಯವನು) ಅವಳಿಗೆ ಲೈಂಗಿಕ ಕಿರುಕುಳ ಕೊಟ್ಟಿದ್ದು ನಿಜ, ಅದು ಘಟಕದ ನಾಯಕರ ಕಿವಿಗೂ ಬಿದ್ದಿತ್ತು, ಯಾರೂ ಏನೂ ಮಾಡಲಿಲ್ಲ.

ಅವಳ ಅಕ್ಕತಂಗಿಯರು, ಅಮ್ಮ ಬೀದಿಗಿಳಿದ್ರು. ಸಾವಿರಾರು ಸೈನಿಕರು, ಮಾಜಿ ಸೈನಿಕರು ಇದೇ ಥರದ ಆ್ಯಪ್‌ಗಳಲ್ಲಿ ‘ನಾನೂ ವನೆಸ್ಸಾ’ ಅಂತ ತಮ್ಮ ಕಥೆ ಬರೆದ್ರು. 2021ರ ಡಿಸೆಂಬರಲ್ಲಿ ಕಾನೂನು ಬದಲಾಯ್ತು. 2023ರ ಡಿಸೆಂಬರ್ 28ರಿಂದ ಅತ್ಯಾಚಾರ, ಕೊಲೆಯಂಥ ಕೇಸುಗಳನ್ನ ನಡೆಸಬೇಕೋ ಬೇಡ್ವೋ ಅನ್ನೋದು ಕಮಾಂಡರ್ ಕೈಕೆಳಗೆ ಇಲ್ಲದ ಸೇನಾ ವಕೀಲರ ತೀರ್ಮಾನ. ಟೇಲ್‌ಹುಕ್‌ನಿಂದ ಲೆಕ್ಕ ಹಾಕಿದ್ರೆ 32 ವರ್ಷ.

(4)
ಒಂದು ಮಾತು ಬಾಕಿ ಇದೆ. ಕೇಸ್ ಗೆದ್ದವರು, ಸೋತವರು, ದೂರೇ ಕೊಡದವರು, ಇವರೆಲ್ಲ ಯೂನಿಫಾರಂ ಬಿಚ್ಚಿದ ಮೇಲೆ ಏನಾದ್ರು? ಟೇಲ್‌ಹುಕ್ ಗಲಾಟೆ ನಡೀತಿದ್ದ 1992ರಲ್ಲೇ ಮಾಜಿ ಸೈನಿಕರ ಇಲಾಖೆ ಇಂಥ ಆಘಾತಕ್ಕೆ ಚಿಕಿತ್ಸೆ ಕೊಡಬೇಕು ಅಂತ ಕಾನೂನು ಬಂತು. ಅದೂ ಹೆಂಗಸರಿಗೆ ಮಾತ್ರ. ಗಂಡಸರನ್ನ ಸೇರಿಸೋಕೆ ಇನ್ನೆರಡು ವರ್ಷ ಬೇಕಾಯ್ತು, ಆ ಕಾರಿಡಾರಲ್ಲೇ 7 ಗಂಡಸರಿದ್ರೂ.

ಈಗ ಆ ಇಲಾಖೆಯ ಆಸ್ಪತ್ರೆಗೆ ಹೋದವರನ್ನೆಲ್ಲ ಈ ಬಗ್ಗೆ ಕೇಳ್ತಾರೆ. 3 ಹೆಂಗಸರಲ್ಲಿ ಒಬ್ಬರು, 50 ಗಂಡಸರಲ್ಲಿ ಒಬ್ಬರು ಹೌದು ಅಂತಾರೆ. ಸೇನೆಯಲ್ಲಿ ಗಂಡಸರೇ ಜಾಸ್ತಿ ಇರೋದ್ರಿಂದ, 50ಕ್ಕೆ ಒಬ್ಬರು ಅಂದ್ರೂ ತಲೆ ಎಣಿಸಿದಾಗ ಅದು ಸಣ್ಣ ಸಂಖ್ಯೆ ಅಲ್ಲ. ಹೌದು ಅಂದವರಿಗೆ ಚಿಕಿತ್ಸೆ ಉಚಿತ. ಆವಾಗ ದೂರು ಕೊಟ್ಟಿದ್ರಾ, ದಾಖಲೆ ಇದೆಯಾ ಅಂತ ಪುರಾವೆ ಕೇಳೋದಿಲ್ಲ.