ಕ್ಲಬ್ಬಿನ ಹೆಸರು, ಊರಿನ ನೆನಪು

ಬೆಲ್ಜಿಯಂ ದೇಶದ ಫುಟ್‌ಬಾಲ್ ಕ್ಲಬ್ಬುಗಳಿಗೆ ಹೆಸರಿನ ಜೊತೆಗೆ ಒಂದು ಸಂಖ್ಯೆಯೂ ಇದೆ. 1926ರಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ಕ್ಲಬ್ಬುಗಳಿಗೆ ನೋಂದಣಿ ಸಂಖ್ಯೆ ಕೊಟ್ಟಿತು. 1880ರಲ್ಲಿ ಹುಟ್ಟಿದ ಆಂಟ್‌ವರ್ಪ್ ಕ್ಲಬ್ಬಿಗೆ ಸಿಕ್ಕಿದ್ದು ಒಂದನೆಯ ಸಂಖ್ಯೆ. ಬ್ರಸೆಲ್ಸ್‌ನ ಯೂನಿಯನ್ ಸೇಂಟ್ ಗಿಲ್ಲಿಸ್‌ಗೆ ಹತ್ತು. ಕ್ಲಬ್ಬಿನ ಹೆಸರು ಬದಲಾಗಬಹುದು, ಮಾಲೀಕರು ಬದಲಾಗಬಹುದು, ಮೈದಾನವೂ ಬದಲಾಗಬಹುದು. ಸಂಖ್ಯೆ ಇರುವವರೆಗೆ ಅದು ಅದೇ ಕ್ಲಬ್ಬು. ಮನೆ ಎಷ್ಟು ಬದಲಿಸಿದರೂ ನಮ್ಮಲ್ಲಿ ಮನೆದೇವರು ಬದಲಾಗುವುದಿಲ್ಲವಲ್ಲ, ಹಾಗೆ.

ಈ ಸಂಖ್ಯೆಯ ಬೆಲೆ ಎಷ್ಟೆಂಬುದನ್ನು ಮೆಕೆಲೆನ್ ಎಂಬ ಸಣ್ಣ ನಗರದ ಜನ ತೋರಿಸಿಕೊಟ್ಟರು. ಅಲ್ಲಿನ ಕ್ಲಬ್ಬು 1988ರಲ್ಲಿ ಹಾಲೆಂಡಿನ ಅಯಾಕ್ಸ್ ತಂಡವನ್ನು ಸೋಲಿಸಿ ಯೂರೋಪಿನ ಕಪ್ ವಿಜೇತರ ಕಪ್ ಗೆದ್ದಿತ್ತು. 2002ರ ಹೊತ್ತಿಗೆ ಅದು ದಿವಾಳಿಯೆದ್ದಿತು. ಅಭಿಮಾನಿಗಳು ಹಣ ಕೂಡಿಸಿ 25ನೇ ಸಂಖ್ಯೆಯನ್ನು ಉಳಿಸಿಕೊಂಡರು. ಮೂರನೇ ಡಿವಿಜನ್ನಿನಿಂದ ಮತ್ತೆ ಮೇಲೇರಿದ ಆ ಕ್ಲಬ್ಬು 2019ರಲ್ಲಿ ಎರಡನೇ ಡಿವಿಜನ್ನಿನಲ್ಲಿದ್ದಾಗಲೇ ಬೆಲ್ಜಿಯಂ ಕಪ್ ಗೆದ್ದಿತು.

ಬೆಂಗಳೂರಿನ ಫುಟ್‌ಬಾಲಿಗೂ ದೊಡ್ಡ ಇತಿಹಾಸವಿದೆ. ಆದರೆ ಅದನ್ನು ಒಂದೇ ದಾರದಲ್ಲಿ ಪೋಣಿಸುವ ಇಂಥ ಸಂಖ್ಯೆ ಇಲ್ಲ. ಇಲ್ಲಿ ಪ್ರತಿ ತಲೆಮಾರಿಗೂ ಒಂದು ಹೊಸ ತಂಡ, ಹೊಸ ಹೆಸರು, ಹೊಸ ಯಜಮಾನ. ಹಳೆಯದು ಮರೆಯಾದಂತೆ ಅದರ ನೆನಪೂ ಮರೆಯಾಗುತ್ತ ಬಂದಿದೆ.

ಮೊದಲನೆಯ ಅಧ್ಯಾಯ ದಂಡು ಪ್ರದೇಶದ್ದು. ಬ್ರಿಟಿಷ್ ಸೈನಿಕರು ಆಡುತ್ತಿದ್ದ ಕಾಲ್ಚೆಂಡಾಟ ಸುತ್ತಲ ಬಡಾವಣೆಗಳ ಹುಡುಗರಿಗೆ ಅಂಟಿಕೊಂಡಿತು. ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ಪನ್ನು ಹಲವು ದಶಕಗಳ ಕಾಲ ಬ್ರಿಟಿಷ್ ಪಡೆಗಳ ತಂಡಗಳೇ ಒಯ್ಯುತ್ತಿದ್ದವು. 1937ರಲ್ಲಿ ಮೊಟ್ಟಮೊದಲ ಬಾರಿಗೆ ಒಂದು ಭಾರತೀಯ ತಂಡ ಅದನ್ನು ಗೆದ್ದಿತು. ಅದು ಕಲ್ಕತ್ತೆಯ ತಂಡವಲ್ಲ, ಬೆಂಗಳೂರು ಮುಸ್ಲಿಮ್ಸ್. ಫೈನಲಿನಲ್ಲಿ ಸೋತದ್ದು ಆ ಕಾಲಕ್ಕೆ ಕಲ್ಕತ್ತ ಲೀಗನ್ನು ವರ್ಷ ವರ್ಷವೂ ಗೆಲ್ಲುತ್ತಿದ್ದ ಮಹಮಡನ್ ಸ್ಪೋರ್ಟಿಂಗ್. ಮರುವರ್ಷ 1938ರಲ್ಲೂ, ಸ್ವಾತಂತ್ರ್ಯಾನಂತರ 1948ರಲ್ಲೂ ಕಪ್ಪು ಬೆಂಗಳೂರಿಗೇ ಬಂತು. 1911ರಲ್ಲಿ ಮೋಹನ್ ಬಾಗಾನ್ ಐಎಫ್‌ಎ ಶೀಲ್ಡ್ ಗೆದ್ದ ಕತೆ ಫುಟ್‌ಬಾಲ್ ಬಲ್ಲ ಎಲ್ಲರಿಗೂ ಗೊತ್ತು. 1937ರ ಕತೆ ನಮ್ಮೂರಿನವರಿಗೇ ಗೊತ್ತಿಲ್ಲ.

ಈ ತಂಡಕ್ಕೆ ಆಡಿದವರಲ್ಲಿ ದೊಡ್ಡ ಹೆಸರು ಅಹ್ಮದ್ ಖಾನ್ ಅವರದು. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದರು. ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲಿದ್ದ ಆ ಭಾರತ ತಂಡ ಫ್ರಾನ್ಸ್ ಎದುರು 1-2ರಿಂದ ಸೋತರೂ ನೋಡಿದವರ ಮನಸ್ಸು ಗೆದ್ದಿತು. ಚೆಂಡನ್ನು ಕಾಲಲ್ಲಿ ಆಡಿಸುವ ರೀತಿಗೆ ಅವರಿಗೆ ‘ಹಾವಾಡಿಗ’ ಎಂಬ ಬಿರುದು ಬಂತು. 1949ರಲ್ಲಿ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಮುಂಪಡೆಯ ಐವರನ್ನು ಬಂಗಾಳದ ಜನ ‘ಪಂಚಪಾಂಡವರು’ ಎಂದು ಕರೆದರು. ಅವರಲ್ಲಿ ಒಬ್ಬರು ನಮ್ಮ ಅಹ್ಮದ್ ಖಾನ್. 2017ರಲ್ಲಿ ಅವರು ತೀರಿಕೊಂಡದ್ದು ಬೆಂಗಳೂರಿನಲ್ಲೇ.

ಇಲ್ಲೊಂದು ಸೂಕ್ಷ್ಮವಿದೆ. ಆಗ ಬೆಂಗಳೂರು ಎನ್ನುವುದು ಒಂದು ಊರಾಗಿರಲಿಲ್ಲ. ಪೇಟೆ ಮೈಸೂರು ಮಹಾರಾಜರದು, ದಂಡು ಬ್ರಿಟಿಷರದು. ಎರಡೂ ಪುರಸಭೆಗಳು ಕೂಡಿ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ದಂಡಿನ ಉರ್ದು, ತಮಿಳು ಮಾತಾಡುವ ಕೇರಿಗಳಲ್ಲಿ ಬೆಳೆದ ಆಟ ಪೇಟೆಯ ಕನ್ನಡ ಮನೆಗಳಿಗೆ ತಡವಾಗಿ ಬಂತು. ನಮ್ಮ ಕನ್ನಡ ಬರಹಗಳಲ್ಲಿ ಅದರ ಕತೆ ತೆಳುವಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಆದರೆ ಮೈದಾನ ಎರಡೂ ಕಡೆಯವರನ್ನು ಬೆಸೆಯಿತು. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1952-53ರಲ್ಲಿ ಇನ್ನೊಮ್ಮೆ, ಆಮೇಲೆ 1967-68 ಮತ್ತು 1968-69ರಲ್ಲಿ ಸತತ ಎರಡು ಬಾರಿ.

ಎರಡನೆಯ ಅಧ್ಯಾಯ ಕಾರ್ಖಾನೆಗಳದು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, ಆಮೇಲೆ ಒಂದರ ಹಿಂದೊಂದು ಸಾರ್ವಜನಿಕ ಉದ್ಯಮಗಳು ನಗರಕ್ಕೆ ಬಂದವು. ಒಳ್ಳೆಯ ಆಟಗಾರನಿಗೆ ಇವು ಕೆಲಸ ಕೊಟ್ಟವು. ಬೆಳಿಗ್ಗೆ ಅಭ್ಯಾಸ, ಆಮೇಲೆ ಕಾರ್ಖಾನೆ, ತಿಂಗಳಿಗೆ ಸಂಬಳ, ಕೊನೆಗೆ ಪಿಂಚಣಿ. ಆಸ್ಟಿನ್ ಟೌನ್, ಗೌತಮಪುರದಂಥ ಬಡಾವಣೆಗಳ ಹುಡುಗರಿಗೆ ಫುಟ್‌ಬಾಲ್ ಎಂದರೆ ಆಟ ಮಾತ್ರವಲ್ಲ, ಇಡೀ ಕುಟುಂಬ ಮೇಲೇರುವ ಏಣಿ. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆ ಬ್ರೆಜಿಲ್ಲಿನ ಪೆಲೆಯ ಪ್ರತಿಮೆಯೂ ನಿಂತಿರುವುದು ಸುಮ್ಮನೆ ಅಲ್ಲ.

ಆದರೆ ಕಾರ್ಖಾನೆಯ ತಂಡ ಕಾರ್ಖಾನೆಯ ಭವಿಷ್ಯಕ್ಕೇ ಕಟ್ಟುಬಿದ್ದಿರುತ್ತದೆ. ನೇಮಕಾತಿ ಕಡಿಮೆಯಾದಂತೆ ಏಣಿಯ ಮೆಟ್ಟಿಲುಗಳೂ ಕಳಚಿದವು. ಎಚ್‌ಎಎಲ್ ತಂಡ 2010-11ರಲ್ಲಿ ರಾಷ್ಟ್ರೀಯ ಐ-ಲೀಗ್ ತಲುಪಿತಾದರೂ 2011-12ರ ಕೊನೆಗೆ ಕೆಳಗಿಳಿಯಿತು. ರಾಷ್ಟ್ರದ ಮೇಲ್ದರ್ಜೆಯಲ್ಲಿ ಬೆಂಗಳೂರಿನ ಹೆಸರೇ ಇಲ್ಲದಂತಾಯಿತು.

ಆ ಖಾಲಿ ಜಾಗಕ್ಕೆ ಬಂದದ್ದು ಮೂರನೆಯ ಅಧ್ಯಾಯ. 2013ರ ಜುಲೈ 20ರಂದು ಜೆಎಸ್‌ಡಬ್ಲ್ಯು ಉದ್ಯಮ ಸಮೂಹ ಬೆಂಗಳೂರು ಎಫ್‌ಸಿ ಎಂಬ ಕ್ಲಬ್ಬನ್ನು ಘೋಷಿಸಿತು. ಇಂಗ್ಲಿಷಿನಲ್ಲೂ ‘ಬ್ಯಾಂಗಲೋರ್’ ಅನ್ನದೆ ‘ಬೆಂಗಳೂರು’ ಎಂದೇ ಹೆಸರಿಟ್ಟುಕೊಂಡಿತು. ನಗರದ ಹೆಸರು ಸರ್ಕಾರಿ ಕಾಗದದಲ್ಲಿ ಬದಲಾದದ್ದು 2014ರ ನವೆಂಬರ್ 1ರಂದು. ಕ್ಲಬ್ಬು ಅದಕ್ಕಿಂತ ಒಂದು ವರ್ಷಕ್ಕೂ ಮುಂಚೆಯೇ ಬದಲಾಯಿಸಿತ್ತು!

ಸುನಿಲ್ ಛೆಟ್ರಿ ನಾಯಕತ್ವದ ಈ ತಂಡ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ, ಕಾಲಿಟ್ಟ ಮೊದಲ ವರ್ಷವೇ, ಅಂದರೆ 2013-14ರಲ್ಲಿ, ಐ-ಲೀಗ್ ಗೆದ್ದಿತು. 2015-16ರಲ್ಲಿ ಅದನ್ನು ಮತ್ತೆ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬಾಯಿತು; ದೋಹಾದಲ್ಲಿ ಇರಾಕಿನ ತಂಡದೆದುರು 0-1ರಿಂದ ಸೋತಿತು. 2017ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರಿ, 2018-19ರಲ್ಲಿ ಗೋವಾವನ್ನು ಹೆಚ್ಚುವರಿ ಅವಧಿಯ ಒಂದೇ ಗೋಲಿನಿಂದ ಮಣಿಸಿ ಆ ಪ್ರಶಸ್ತಿಯನ್ನೂ ಪಡೆಯಿತು. 2022ರಲ್ಲಿ ಡುರಾಂಡ್ ಕಪ್ ಬಂತು.

ಪ್ರಶಸ್ತಿಗಳಿಗಿಂತ ಗಮನಾರ್ಹವಾದದ್ದು ಪ್ರೇಕ್ಷಕರು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನೀಲಿ ಅಂಗಿ ತೊಟ್ಟು ಆಟದುದ್ದಕ್ಕೂ ನಿಂತು ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಬಳಗವನ್ನು ಯಾವ ಕಂಪನಿಯೂ ಸಂಬಳ ಕೊಟ್ಟು ಕಟ್ಟಲಿಲ್ಲ. ಬೆಂಗಳೂರು ಮುಸ್ಲಿಮ್ಸ್‌ನ ಹೆಸರಿನಲ್ಲಿ ಒಂದು ಸಮುದಾಯವಿತ್ತು. ಎಚ್‌ಎಎಲ್, ಐಟಿಐಗಳ ಹಿಂದೆ ಒಂದೊಂದು ಕಾರ್ಖಾನೆಯಿತ್ತು. ಇಡೀ ಊರಿನ ಹೆಸರು ಹೊತ್ತ ಕ್ಲಬ್ಬಿಗೆ ಶಿವಾಜಿನಗರದ ಹುಡುಗನೂ ಸೇರಬಹುದು, ಇಪ್ಪತ್ತು ಕಿಲೋಮೀಟರು ದೂರದ ಸೋಲದೇವನಹಳ್ಳಿಯ ಕಾಲೇಜು ವಿದ್ಯಾರ್ಥಿಯೂ ಸೇರಬಹುದು. 1937ರಲ್ಲಿ ದಂಡಿನವರ ಲೆಕ್ಕಕ್ಕೇ ಬಾರದಿದ್ದ ನಮ್ಮ ಉತ್ತರದ ಹಳ್ಳಿಗಳು ಈಗ ‘ಬೆಂಗಳೂರು’ ಎಂಬ ಮಾತಿನೊಳಗೇ ಇವೆ.

ಹಾಗಾದರೆ ಕ್ಲಬ್ಬು ಯಾರದು? ಈ ಪ್ರಶ್ನೆ 2025ರ ಆಗಸ್ಟ್‌ನಲ್ಲಿ ನಿಜವಾಗಿಯೇ ಎದುರಾಯಿತು. ಲೀಗ್ ನಡೆಸುವ ಒಪ್ಪಂದ ಆ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದೇನೆಂಬುದು ಇತ್ಯರ್ಥವಾಗದೆ ಲೀಗ್ ಅನಿಶ್ಚಿತವಾಯಿತು. ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುತ್ತಿರುವುದಾಗಿ ಪ್ರಕಟಿಸಿತು. ಮಾಲೀಕರನ್ನು ದೂರಿ ಫಲವಿಲ್ಲ. ಆಟವೇ ನಡೆಯದಿದ್ದರೆ ಆದಾಯವೆಲ್ಲಿಂದ ಬರಬೇಕು? ಆದರೆ ಕಾರ್ಖಾನೆಗಳ ಕಾಲದಲ್ಲಿ ಆದದ್ದೇ ಈಗಲೂ ಆಗಬಹುದೆಂಬುದು ಆ ಒಂದು ಪ್ರಕಟಣೆಯಿಂದ ಸ್ಪಷ್ಟವಾಯಿತು. ಯಜಮಾನ ಕೈಬಿಟ್ಟರೆ ಊರಿನ ಕೈಯಲ್ಲಿ ಉಳಿಯುವುದೇನು?

ಮೆಕೆಲೆನ್ನಿನ ಅಭಿಮಾನಿಗಳಿಗೆ ಉಳಿಸಿಕೊಳ್ಳಲು ಕಾನೂನು ಮಾನ್ಯ ಮಾಡಿದ ಒಂದು ಸಂಖ್ಯೆಯಿತ್ತು. ನಮ್ಮವರ ಬಳಿ ಇರುವುದು ಅಭಿಮಾನ ಮಾತ್ರ. ಕ್ಲಬ್ಬಿನಲ್ಲಿ ಅಭಿಮಾನಿಗಳಿಗೆ ಒಂದು ಸಣ್ಣ ಪಾಲು, ಒಂದು ದನಿ ಇರಬೇಕೆಂಬ ಚರ್ಚೆ ಇಲ್ಲಿ ಇನ್ನೂ ಬಲವಾಗಿ ಬೆಳೆದಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಿತು. ಆಟಗಾರರಿಗೆ ಕೊರತೆಯಿಲ್ಲ ಎಂಬುದಕ್ಕೆ ಇಷ್ಟು ಸಾಕು. ಕೊರತೆಯಿರುವುದು ಒಂದು ತಲೆಮಾರಿನ ಆಟವನ್ನು ಮುಂದಿನ ತಲೆಮಾರಿಗೆ ದಾಟಿಸುವ ಸಂಸ್ಥೆಗಳಿಗೆ. 1937ರ ತಂಡದ ನೆನಪಿಗೆ ಕಂಠೀರವದ ಗೋಡೆಯ ಮೇಲೆ ಒಂದು ಫಲಕ ಹಾಕುವುದಕ್ಕೆ ಹೆಚ್ಚು ಖರ್ಚಾಗದು. ಮೊದಲು ಅಷ್ಟಾದರೂ ಆಗಲಿ.