ಬಿಟ್ಟವರು, ಉಳಿದವರು: ಆರ್‌ಸಿಬಿ ಪಟ್ಟಿಯ ಹಳೆಯ ಜಗಳ

ಮೋರಟಗಿಯ ಚಾದಂಗಡಿ ಇರಲಿ, ಸಿಂದಗಿ ಬಸ್‌ಸ್ಟ್ಯಾಂಡ್ ಇರಲಿ, ಐಪಿಎಲ್ ತಂಡಗಳು ಉಳಿಸಿಕೊಂಡವರ ಪಟ್ಟಿ ಹೊರಬಿಟ್ಟ ದಿನ ಮಾತು ಒಂದೇ. "ಅಂವನ್ನ ಯಾಕ ಬಿಟ್ರು? ಇಂವನ್ನ ಯಾಕ ಇಟ್ಕೊಂಡ್ರು?" ಈ ಜಗಳಕ್ಕೆ ಐಪಿಎಲ್‌ನಷ್ಟೇ ವಯಸ್ಸಾಗಿದೆ. ಹಿಂತಿರುಗಿ ನೋಡಿದರೆ, ಗೆದ್ದದ್ದು ಯಾರ ವಾದ?

2008ರಲ್ಲಿ ಬೆಂಗಳೂರು ತಂಡ ನಿಜಕ್ಕೂ ನಮ್ಮ ತಂಡದ ಹಾಗೆ ಕಾಣುತ್ತಿತ್ತು. ರಾಹುಲ್ ದ್ರಾವಿಡ್ ನಾಯಕ. ಅನಿಲ್ ಕುಂಬ್ಳೆ, ವಿನಯ್ ಕುಮಾರ್ ಇದ್ದರು. ನಮ್ಮ ಉತ್ತರ ಕರ್ನಾಟಕದಿಂದ ಗದಗಿನ ಸುನಿಲ್ ಜೋಶಿಯೂ ಇದ್ದರು. ಆದರೂ ಎಂಟು ತಂಡಗಳಲ್ಲಿ ಸಿಕ್ಕದ್ದು ಏಳನೆಯ ಸ್ಥಾನ.

ಅದೇ ವರ್ಷ ಇನ್ನೊಂದು ಸಂಗತಿ ನಡೆಯಿತು. 19 ವರ್ಷದೊಳಗಿನ ವಿಶ್ವಕಪ್ ಗೆದ್ದ ಹುಡುಗರನ್ನು ತಂಡಗಳು ಹಂಚಿಕೊಳ್ಳುವಾಗ, ದಿಲ್ಲಿ ತಂಡ ತನ್ನೂರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಬೌಲರ್ ಪ್ರದೀಪ್ ಸಂಗ್ವಾನ್‌ನನ್ನು ಆರಿಸಿಕೊಂಡಿತು. ಕೊಹ್ಲಿ ಬೆಂಗಳೂರಿಗೆ ಬಂದರು.

ದೊಡ್ಡ ಜಗಳ ಆದದ್ದು 2011ರ ಜನವರಿಯಲ್ಲಿ. ಒಂದು ತಂಡ ನಾಲ್ವರನ್ನು ಉಳಿಸಿಕೊಳ್ಳಬಹುದಿತ್ತು. ಆರ್‌ಸಿಬಿ ಉಳಿಸಿಕೊಂಡದ್ದು ಒಬ್ಬರನ್ನೇ: 22 ವರ್ಷದ ಕೊಹ್ಲಿ. ಕುಂಬ್ಳೆ ಹರಾಜಿಗೆ ಮೊದಲೇ ಐಪಿಎಲ್ ಆಟ ಬಿಟ್ಟರು. ದ್ರಾವಿಡ್ ರಾಜಸ್ಥಾನಕ್ಕೆ, ರಾಬಿನ್ ಉತ್ತಪ್ಪ ಪುಣೆಗೆ ಹೋದರು. ದ್ರಾವಿಡ್ ಇಲ್ಲದ ಬೆಂಗಳೂರು ತಂಡ ಎಂಥದ್ದು ಎಂದು ಅಭಿಮಾನಿಗಳು ಸಿಟ್ಟಾದರು.

ಆ ಸಿಟ್ಟು ಸುಳ್ಳಾಗಿರಲಿಲ್ಲ. 2013ರಲ್ಲಿ ದ್ರಾವಿಡ್ ನಾಯಕತ್ವದ ರಾಜಸ್ಥಾನ ಪ್ಲೇಆಫ್ ತಲುಪಿತು, ಆರ್‌ಸಿಬಿ ಐದನೆಯ ಸ್ಥಾನದಲ್ಲಿ ನಿಂತು ಹೊರಗುಳಿಯಿತು. ಆದರೆ ಕೊಹ್ಲಿಯನ್ನು ಉಳಿಸಿಕೊಂಡದ್ದು ತಪ್ಪು ಎಂದು ಇವತ್ತು ಹೇಳುವವರು ಯಾರೂ ಇಲ್ಲ. ಅದೇ ಹರಾಜಿನಲ್ಲಿ ಕ್ರಿಸ್ ಗೇಲ್‌ರನ್ನು ಯಾರೂ ಕೊಂಡಿರಲಿಲ್ಲ. ಗಾಯಗೊಂಡ ಡರ್ಕ್ ನ್ಯಾನಸ್ ಜಾಗಕ್ಕೆ ಆರ್‌ಸಿಬಿ ಅವರನ್ನು ನಡುವೆ ಕರೆಸಿಕೊಂಡಿತು. ಆ ಸಲ ಎಲ್ಲರಿಗಿಂತ ಹೆಚ್ಚು, 608 ರನ್ ಹೊಡೆದವರು ಅವರೇ. ತಂಡ ಫೈನಲ್ ತನಕ ಹೋಯಿತು.

2018ರಲ್ಲಿ ಲೆಕ್ಕ ಉಲ್ಟಾ ಆಯಿತು. ಕೊಹ್ಲಿ, ಡಿವಿಲಿಯರ್ಸ್ ಜೊತೆಗೆ ಸರ್ಫರಾಜ್ ಖಾನ್ ಉಳಿದರು. ನಮ್ಮ ಕೆ.ಎಲ್. ರಾಹುಲ್ 11 ಕೋಟಿಗೆ ಪಂಜಾಬ್ ಪಾಲಾದರು. ಅಲ್ಲಿ ಆ ವರ್ಷವೇ 659 ರನ್. ನಾಲ್ಕು ವರ್ಷದ ಮೇಲೆ ಚಾಹಲ್ ಕೈಬಿಟ್ಟುಹೋದರು. 2022ರಲ್ಲಿ ರಾಜಸ್ಥಾನಕ್ಕೆ ಆಡಿ 27 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದರು. ಈ ಎರಡು ಸಲವೂ ಚಾದಂಗಡಿಯವರ ಮಾತೇ ಸರಿ ಇತ್ತು.

ಇನ್ನು ರಜತ್ ಪಾಟೀದಾರ್ ಕತೆ ಕೇಳಿ. 2021ರಲ್ಲಿ ನಾಲ್ಕು ಪಂದ್ಯ ಆಡಿಸಿ ಆರ್‌ಸಿಬಿ ಅವರನ್ನು ಬಿಟ್ಟಿತು. 2022ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ. ಆಗ ತಂಡದಲ್ಲಿದ್ದ ಕರ್ನಾಟಕದ ಕೀಪರ್ ಲವನೀತ್ ಸಿಸೋಡಿಯಾ ಗಾಯಗೊಂಡರು. ಆ ಜಾಗಕ್ಕೆ ಪಾಟೀದಾರ್‌ಗೆ ಕರೆ ಬಂತು. ಎಲಿಮಿನೇಟರ್‌ನಲ್ಲಿ ಲಕ್ನೋ ವಿರುದ್ಧ ಔಟಾಗದೆ 112 ಹೊಡೆದರು.

2024ರ ಅಕ್ಟೋಬರ್ 31ರ ಪಟ್ಟಿಯಲ್ಲಿ ಉಳಿದವರು ಮೂವರು: 21 ಕೋಟಿಗೆ ಕೊಹ್ಲಿ, 11 ಕೋಟಿಗೆ ಪಾಟೀದಾರ್, 5 ಕೋಟಿಗೆ ಯಶ್ ದಯಾಳ್. ಏಳು ವರ್ಷ ದುಡಿದ ಸಿರಾಜ್ ಹೆಸರು ಇರಲಿಲ್ಲ. ಮತ್ತೆ ಜಗಳ. 2025ರ ಏಪ್ರಿಲ್ 2ರಂದು ಸಿರಾಜ್ ಚಿನ್ನಸ್ವಾಮಿಗೆ ಗುಜರಾತ್ ಅಂಗಿ ಹಾಕಿಕೊಂಡು ಬಂದು 19 ರನ್‌ಗೆ 3 ವಿಕೆಟ್ ಕಿತ್ತರು. "ನೋಡ್ರಿ, ನಾವ್ ಹೇಳಿದ್ವಿಲ್ಲ?" ಎಂದವರೆಷ್ಟೋ.

ಎರಡು ತಿಂಗಳ ನಂತರ, ಜೂನ್ 3ರಂದು, ಅಹಮದಾಬಾದ್‌ನಲ್ಲಿ ಆರ್‌ಸಿಬಿ ಪಂಜಾಬ್ ವಿರುದ್ಧ 6 ರನ್‌ಗಳಿಂದ ಗೆದ್ದು ಮೊದಲ ಸಲ ಕಪ್ ಹಿಡಿಯಿತು. 2009ರ ಫೈನಲ್ ಸೋತದ್ದೂ ಅದೇ 6 ರನ್‌ಗಳಿಂದ. ಕಪ್ ಎತ್ತಿದ ನಾಯಕ, ಒಮ್ಮೆ ಆರ್‌ಸಿಬಿಯೇ ಬಿಟ್ಟಿದ್ದ ಪಾಟೀದಾರ್.

ಆ ಫೈನಲ್‌ನಲ್ಲಿ ಆಡಿದ ಕನ್ನಡದ ಹುಡುಗ ಒಬ್ಬರೇ, ಮಯಾಂಕ್ ಅಗರ್ವಾಲ್. ಅವರೂ ಹರಾಜಿನಲ್ಲಿ ಮಾರಾಟವಾಗದೆ ಉಳಿದವರೇ. ದೇವದತ್ತ ಪಡಿಕ್ಕಲ್ ಗಾಯಗೊಂಡ ಮೇಲೆ ಬಂದು, ಫೈನಲ್‌ನಲ್ಲಿ 24 ರನ್ ಹೊಡೆದರು. ರಾಯಚೂರಿನ ಮನೋಜ್ ಭಾಂಡಗೆ ತಂಡದಲ್ಲಿದ್ದರೂ ಫೈನಲ್ ಆಡುವ ಅವಕಾಶ ಸಿಗಲಿಲ್ಲ. ಕಪ್ ಬಂತು ಎಂದು ಕುಣಿದವರಿಗೂ "ನಮ್ಮ ಹುಡುಗರು ಎಷ್ಟು ಮಂದಿ?" ಎಂಬ 2011ರ ಪ್ರಶ್ನೆ ಹಾಗೇ ಉಳಿದಿದೆ. ಅದನ್ನು ಕೇಳುತ್ತಲೇ ಇರಬೇಕು.

ಹಾಗಾದರೆ ಯಾರು ಗೆದ್ದರು? ರಾಹುಲ್ ವಿಷಯದಲ್ಲಿ ಅಭಿಮಾನಿಗಳು, ಕೊಹ್ಲಿ ವಿಷಯದಲ್ಲಿ ತಂಡದವರು. ಪಾಟೀದಾರ್ ವಿಷಯದಲ್ಲಿ ಇಬ್ಬರೂ ಅಲ್ಲ. ಪಟ್ಟಿ ಬಂದ ದಿನ ಯಾರಿಗೂ ಗೊತ್ತಿರುವುದಿಲ್ಲ.

ನಮ್ಮೂರ ಜಾತ್ರೆಯ ಟೂರ್ನಮೆಂಟಿಗೂ ಹದಿನೈದು ಹುಡುಗರು ಬರುತ್ತಾರೆ, ಹನ್ನೊಂದೇ ಮಂದಿ ಆಡುತ್ತಾರೆ. ಹೊರಗುಳಿದ ಹುಡುಗನ ನಂಬರ್ ಫೋನಿನಿಂದ ಅಳಿಸಬೇಡಿ. ಮುಂದಿನ ಪಂದ್ಯಕ್ಕೆ ಅವನನ್ನೇ ಕರೆಯಬೇಕಾದೀತು.