ಚಲಿಸುವ ವಸ್ತುಗಳ ಸುತ್ತಲಿನ ಪ್ರಕ್ಷುಬ್ಧ ವಾಯುಪ್ರವಾಹದ ಗಣಕ ಅನುಕರಣೆ

ವಿಮಾನ, ರೈಲು, ಬಸ್ಸು ಮುಂತಾದವು ಚಲಿಸುವಾಗ ಅವುಗಳ ಸುತ್ತಲಿನ ಗಾಳಿಯು ಹರಿಯುವ ರೀತಿಯನ್ನು ಗಣಕಯಂತ್ರದ ಮೂಲಕ ಲೆಕ್ಕ ಹಾಕುವ ವಿಧಾನವನ್ನು ವಾಯುಪ್ರವಾಹದ ಗಣಕ ಅನುಕರಣೆ ಎನ್ನಲಾಗುತ್ತದೆ. ಉದ್ದಿಮೆದಾರರು, ವಿದ್ಯಾರ್ಥಿಗಳು ಹಾಗೂ ಸಾರ್ವಜನಿಕರ ತಿಳಿವಳಿಕೆಗಾಗಿ ಇದರ ಮುಖ್ಯಾಂಶಗಳನ್ನು ಕೆಳಗೆ ನೀಡಲಾಗಿದೆ.

1. ಅವಶ್ಯಕತೆ
ವಾಹನದ ವೇಗವು ಇಮ್ಮಡಿಯಾದಲ್ಲಿ ಗಾಳಿಯ ಪ್ರತಿರೋಧವು ಸುಮಾರು 4 ಪಟ್ಟು ಹಾಗೂ ಅದನ್ನು ಮೀರಲು ಎಂಜಿನ್ ಒದಗಿಸಬೇಕಾದ ಸಾಮರ್ಥ್ಯವು ಸುಮಾರು 8 ಪಟ್ಟು ಆಗುತ್ತದೆ. ಇಂಧನದ ವೆಚ್ಚವಲ್ಲದೆ ಸುರಕ್ಷತೆಯ ಪ್ರಶ್ನೆಯೂ ಇದರಲ್ಲಿ ಅಡಗಿದೆ. ದೊಡ್ಡ ವಿಮಾನದ ರೆಕ್ಕೆಯ ತುದಿಗಳಿಂದ ಹೊರಡುವ ಸುಳಿಗಳು ಕೆಲವು ನಿಮಿಷಗಳವರೆಗೆ ಉಳಿದು, ಹಿಂದೆ ಬರುವ ಚಿಕ್ಕ ವಿಮಾನವನ್ನು ಮಗುಚಬಲ್ಲವು. ಆದುದರಿಂದಲೇ ವಿಮಾನಗಳ ನಡುವೆ ನಿಗದಿತ ಅಂತರವನ್ನು ಕಾಯ್ದುಕೊಳ್ಳಲಾಗುತ್ತದೆ.

2. ಲೆಕ್ಕಾಚಾರದ ಕ್ರಮ
ನೇವಿಯರ್ (1822) ಮತ್ತು ಸ್ಟೋಕ್ಸ್ (1845) ಇವರು ರೂಪಿಸಿದ ಸಮೀಕರಣಗಳು ಇದಕ್ಕೆ ಆಧಾರ. ವಸ್ತುವಿನ ಸುತ್ತಲಿನ ಜಾಗವನ್ನು ಲಕ್ಷಾಂತರ ಸಣ್ಣ ಕೋಶಗಳ ಜಾಲವಾಗಿ ವಿಂಗಡಿಸಿ, ಪ್ರತಿ ಕೋಶದಲ್ಲಿಯೂ ಗಾಳಿಯ ವೇಗ ಮತ್ತು ಒತ್ತಡವನ್ನು ಕಂಡುಹಿಡಿಯಲಾಗುತ್ತದೆ. ಪ್ರಕ್ಷುಬ್ಧ ಪ್ರವಾಹದಲ್ಲಿ ವಾಹನದಷ್ಟು ದೊಡ್ಡ ಸುಳಿಗಳೊಡನೆ ಮಿಲಿಮೀಟರಿಗಿಂತ ಸಣ್ಣ ಸುಳಿಗಳೂ ಇರುತ್ತವೆ. ಪ್ರಕ್ಷುಬ್ಧತೆಯನ್ನು ಸೂಚಿಸುವ ರೆನಾಲ್ಡ್ಸ್ ಸಂಖ್ಯೆಯು 10 ಪಟ್ಟು ಹೆಚ್ಚಿದಲ್ಲಿ, ಎಲ್ಲ ಸುಳಿಗಳನ್ನೂ ಲೆಕ್ಕಿಸಲು ಸುಮಾರು 178 ಪಟ್ಟು ಹೆಚ್ಚು ಕೋಶಗಳು ಬೇಕಾಗುತ್ತವೆ. ಆದ್ದರಿಂದ ಮೂರು ವಿಧಾನಗಳು ರೂಢಿಯಲ್ಲಿವೆ:

ಅ) ನೇರ ಅನುಕರಣೆ: ಎಲ್ಲ ಸುಳಿಗಳನ್ನೂ ಲೆಕ್ಕಿಸುವುದು, ಬಹುಪಾಲು ಸಂಶೋಧನೆಗೆ ಸೀಮಿತ.
ಆ) ದೊಡ್ಡ ಸುಳಿಗಳ ಅನುಕರಣೆ: ಸಣ್ಣ ಸುಳಿಗಳ ಪರಿಣಾಮವನ್ನು ಮಾತ್ರ ಅಂದಾಜಿಸುವುದು.
ಇ) ಸರಾಸರಿ ವಿಧಾನ: ಎಲ್ಲ ಸುಳಿಗಳ ಪರಿಣಾಮವನ್ನೂ ಅಂದಾಜಿಸುವುದು, ಉದ್ದಿಮೆಗಳಲ್ಲಿ ಹೆಚ್ಚು ಬಳಕೆಯಲ್ಲಿದೆ.

3. ವಸ್ತುವಿನ ಚಲನೆ
ಒಂಟಿ ವಾಹನವು ನೇರವಾಗಿ ಒಂದೇ ವೇಗದಲ್ಲಿ ಸಾಗುವಾಗ, ವಾಹನವು ನಿಂತಿದ್ದು ಗಾಳಿ ಹಾಗೂ ನೆಲ ಎರಡೂ ಹಿಂದಕ್ಕೆ ಸರಿಯುವಂತೆ ಲೆಕ್ಕಿಸಿದರೆ ಸಾಕು. ಎರಡು ರೈಲುಗಳು ಎದುರುಬದುರಾಗಿ ಹಾಯುವಾಗ ಅಥವಾ ಹೆಲಿಕಾಪ್ಟರಿನ ರೆಕ್ಕೆಗಳು ತಿರುಗುವಾಗ ಇದು ಸಾಲದು. ಅಂತಹ ಸಂದರ್ಭಗಳಲ್ಲಿ ಪ್ರತಿ ವಸ್ತುವಿಗೂ ಪ್ರತ್ಯೇಕ ಜಾಲವನ್ನು ರಚಿಸಿ, ಅದು ವಸ್ತುವಿನೊಂದಿಗೆ ಚಲಿಸುವಂತೆ ಮಾಡಲಾಗುತ್ತದೆ.

4. ಕರ್ನಾಟಕದಲ್ಲಿ
1959ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ನೆಲೆಗೊಂಡ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು, ಪ್ರೊ. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, 1986ರಲ್ಲಿ 'ಫ್ಲೋಸಾಲ್ವರ್' ಎಂಬ ಸಮಾಂತರ ಗಣಕಯಂತ್ರವನ್ನು ನಿರ್ಮಿಸಿತು. ದ್ರವ ಮತ್ತು ಅನಿಲ ಪ್ರವಾಹಗಳ ಲೆಕ್ಕಾಚಾರಕ್ಕಾಗಿಯೇ ರೂಪಿಸಲಾದ ಇದು ಭಾರತದ ಆರಂಭಿಕ ಸಮಾಂತರ ಗಣಕಯಂತ್ರಗಳಲ್ಲೊಂದು.

5. ವರದಿ ಪಡೆಯುವವರು ಗಮನಿಸಬೇಕಾದ ಅಂಶಗಳು
• ಮೇಲಿನ ಯಾವ ವಿಧಾನವನ್ನು ಅನುಸರಿಸಲಾಗಿದೆ ಎಂಬುದು ನಮೂದಾಗಿರಬೇಕು.
• ಕೋಶಗಳ ಸಂಖ್ಯೆಯನ್ನು ಹೆಚ್ಚಿಸಿದಾಗಲೂ ಫಲಿತಾಂಶವು ಗಣನೀಯವಾಗಿ ಬದಲಾಗುವುದಿಲ್ಲವೆಂದು ತೋರಿಸಿರಬೇಕು.
• ಗಾಳಿ ಸುರಂಗದಲ್ಲಿ ಅಥವಾ ರಸ್ತೆಯಲ್ಲಿ ನಡೆಸಿದ ಅಳತೆಯೊಂದಿಗೆ ಹೋಲಿಕೆ ಇರಬೇಕು.
• ಅಡ್ಡಗಾಳಿಯ ಪರಿಣಾಮವನ್ನು ಪರಿಗಣಿಸಲಾಗಿದೆಯೇ ಎಂಬುದನ್ನು ಪರಿಶೀಲಿಸಬೇಕು. ಎತ್ತರದ ವಾಹನಗಳು ಉರುಳುವ ಅಪಾಯವು ಇದನ್ನು ಅವಲಂಬಿಸಿರುತ್ತದೆ.

ವರದಿಯಲ್ಲಿನ ಬಣ್ಣದ ಚಿತ್ರಗಳು ಸ್ಪಷ್ಟವಾಗಿವೆ ಎಂಬ ಕಾರಣದಿಂದ ಲೆಕ್ಕಾಚಾರವು ಸರಿಯಾಗಿದೆ ಎಂದು ಭಾವಿಸತಕ್ಕದ್ದಲ್ಲ. ಪ್ರಯಾಣಿಕರ ಸುರಕ್ಷತೆಗೆ ಸಂಬಂಧಿಸಿದ ತೀರ್ಮಾನಗಳನ್ನು ಅಳತೆಯಿಂದ ದೃಢಪಡಿಸಿಕೊಂಡ ನಂತರವೇ ಕೈಗೊಳ್ಳುವುದು ಸೂಕ್ತ.